ಪದವಿಗಿಂತ ಮೊದಲು ಲೈನ್ ಲಿಸ್ಟ್

ಪ್ರಶ್ನೆ: ಮೈಕ್ರೋಬಯಾಲಜಿಯಲ್ಲಿ ಬಿ.ಎಸ್ಸಿ ಮುಗಿಸಿದ್ದೇನೆ. ಜಾಗತಿಕ ಆರೋಗ್ಯ ಭದ್ರತೆಯ, ಅಂದರೆ ಗಡಿ ದಾಟಿ ಹಬ್ಬಬಲ್ಲ ರೋಗಗಳನ್ನು ತಡೆಯುವ ಕ್ಷೇತ್ರದಲ್ಲಿ ಕೆಲಸ ಮಾಡುವ ಆಸೆ. ವೈದ್ಯರಲ್ಲದವರಿಗೆ ಅಲ್ಲಿ ಜಾಗವಿದೆಯೇ? ಯಾವ ಸ್ನಾತಕೋತ್ತರ ಕೋರ್ಸ್ ಸೇರಲಿ?

ಉತ್ತರ: ಜಾಗ ಖಂಡಿತ ಇದೆ. ಆದರೆ ಕೋರ್ಸ್ ಹುಡುಕುವ ಮೊದಲು, ಈ ಕೆಲಸದಲ್ಲಿ ನಿಮ್ಮ ಪಾಲು ಯಾವುದೆಂದು ತೀರ್ಮಾನಿಸಿಕೊಳ್ಳಿ. ರೋಗ ಹಬ್ಬುತ್ತಿರುವುದನ್ನು 7 ದಿನದೊಳಗೆ ಪತ್ತೆ ಮಾಡಬೇಕು, 1 ದಿನದೊಳಗೆ ವರದಿ ಮಾಡಬೇಕು, ನಂತರದ 7 ದಿನದೊಳಗೆ ಮೊದಲ ಹಂತದ ತಡೆ ಕ್ರಮಗಳನ್ನು ಮುಗಿಸಬೇಕು ಎಂಬ ‘7-1-7’ ಗುರಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಈ ಮೂರರಲ್ಲಿ ಯಾವುದಾದರೊಂದನ್ನು ಚುರುಕುಗೊಳಿಸಬಲ್ಲವರಿಗೆ ಇಲ್ಲಿ ಬೇಡಿಕೆ. ನಿಮಗೆ ಲ್ಯಾಬ್, ಜೈವಿಕ ಸುರಕ್ಷತೆ, ಜೀನೋಮ್ ಸೀಕ್ವೆನ್ಸಿಂಗ್ (ರೋಗಾಣುವಿನ ವಂಶವಾಹಿಯನ್ನು ಓದುವುದು) ಹತ್ತಿರದ ದಾರಿ. ಲೆಕ್ಕಾಚಾರ ಹಿಡಿಸುತ್ತದೆಯೆಂದರೆ ಎಪಿಡೆಮಿಯಾಲಜಿಯಲ್ಲಿ (ರೋಗ ಜನರಲ್ಲಿ ಹೇಗೆ ಹರಡುತ್ತದೆಂಬ ಅಧ್ಯಯನ) ಸ್ನಾತಕೋತ್ತರ ಪದವಿ. ಕೋರ್ಸಿನ ಹೆಸರಿಗಿಂತ, ಅದರಲ್ಲಿ ಕ್ಷೇತ್ರಕಾರ್ಯ ಎಷ್ಟು ತಿಂಗಳಿದೆ ಎಂಬುದನ್ನು ನೋಡಿ. ಫೀಲ್ಡ್ ಎಪಿಡೆಮಿಯಾಲಜಿ ತರಬೇತಿಯೂ ಇದೆ: ಮೊದಲ ಹಂತ ಸುಮಾರು 3 ತಿಂಗಳು, ಉನ್ನತ ಹಂತ 2 ವರ್ಷ. ಅದಕ್ಕೆ ಹೆಚ್ಚಾಗಿ ಆರೋಗ್ಯ ಇಲಾಖೆಗಳಲ್ಲಿ ಈಗಾಗಲೇ ಕೆಲಸದಲ್ಲಿರುವವರನ್ನು ತೆಗೆದುಕೊಳ್ಳುತ್ತಾರೆ.

ಯಾವ ದಾರಿ ಹಿಡಿದರೂ ಲೈನ್ ಲಿಸ್ಟ್, ಅಂದರೆ ರೋಗಿಗಳ ಪಟ್ಟಿ, ಮಾಡುವುದನ್ನು ಇಂದೇ ಕಲಿಯಿರಿ. ಒಬ್ಬ ರೋಗಿಗೆ ಒಂದು ಸಾಲು, ಒಂದು ಮಾಹಿತಿಗೆ ಒಂದು ಕಾಲಂ: ಗುರುತಿನ ಸಂಖ್ಯೆ, ವಯಸ್ಸು, ಲಿಂಗ, ವಾಸದ ಜಾಗ, ಲಕ್ಷಣ ಶುರುವಾದ ದಿನ, ಆಸ್ಪತ್ರೆಗೆ ಬಂದ ದಿನ, ಲ್ಯಾಬಿಗೆ ಕಳಿಸಿದ ಮಾದರಿಯ ಸಂಖ್ಯೆ, ಫಲಿತಾಂಶ. ಕೇಳಲು ಸುಲಭ, ಕೆಡುವುದೂ ಇಲ್ಲೇ. 03/04 ಎಂದು ಬರೆದರೆ ಅದು ಏಪ್ರಿಲ್ 3ಓ ಮಾರ್ಚ್ 4ಓ ಯಾರಿಗೂ ಗೊತ್ತಾಗುವುದಿಲ್ಲ. ವರ್ಷ-ತಿಂಗಳು-ದಿನ ಕ್ರಮವನ್ನೇ ಬಳಸಿ. ಖಾಲಿ ಬಿಟ್ಟ ಜಾಗಕ್ಕೂ ‘ಇಲ್ಲ’ ಎಂಬ ಉತ್ತರಕ್ಕೂ ವ್ಯತ್ಯಾಸವಿದೆ, ‘ತಿಳಿದಿಲ್ಲ’ ಎಂಬುದಕ್ಕೆ ಬೇರೆ ಗುರುತು ಇಡಿ. ಮಾದರಿಯ ಟ್ಯೂಬಿನ ಮೇಲಿನ ಸಂಖ್ಯೆ ಪಟ್ಟಿಯ ಸಂಖ್ಯೆಗೆ ಹೊಂದದಿದ್ದರೆ ಲ್ಯಾಬ್ ಎಷ್ಟೇ ಚೆನ್ನಾಗಿ ಪರೀಕ್ಷಿಸಿದರೂ ಫಲಿತಾಂಶ ಯಾರದೆಂದೇ ತಿಳಿಯದು.

ಆ ಪಟ್ಟಿಯಿಂದ, ಯಾವಾಗ ಎಷ್ಟು ಮಂದಿಗೆ ಕಾಯಿಲೆ ಬಂತೆಂದು ತೋರಿಸುವ ಕಂಬನಕ್ಷೆ ಬಿಡಿಸಿ. ವರದಿಯಾದ ದಿನವನ್ನಲ್ಲ, ಲಕ್ಷಣ ಶುರುವಾದ ದಿನವನ್ನು ಹಿಡಿಯಬೇಕು; ಇಲ್ಲವಾದರೆ ರಜೆಯ ಮರುದಿನ ವರದಿಗಳು ಒಟ್ಟಿಗೆ ಬಂದು, ರೋಗ ಏರಿದಂತೆ ಸುಳ್ಳೇ ಕಾಣುತ್ತದೆ. ಒಂದೊಂದು ಕಂಬ ತೋರಿಸುವ ಕಾಲ, ಸೋಂಕು ತಗುಲಿ ಲಕ್ಷಣ ಕಾಣುವವರೆಗಿನ ಅವಧಿಯ ಮೂರನೇ ಅಥವಾ ನಾಲ್ಕನೇ ಒಂದು ಭಾಗವಿರಲಿ. ಆಮೇಲೆ ಹೋಲಿಕೆ. ಒಂದು ಬಾವಿಯ ನೀರು ಕುಡಿದ 80 ಜನರಲ್ಲಿ 40 ಮಂದಿಗೆ, ಕುಡಿಯದ 60ರಲ್ಲಿ 6 ಮಂದಿಗೆ ಕಾಯಿಲೆ ಬಂದಿದೆ ಎಂದುಕೊಳ್ಳಿ: 50% ಮತ್ತು 10%, ಅಂದರೆ ಕುಡಿದವರಿಗೆ ಅಪಾಯ 5 ಪಟ್ಟು. ಮೊದಲು ಕೈಯಲ್ಲೇ ಲೆಕ್ಕ ಹಾಕಿ, ನಂತರ ಉಚಿತವಾಗಿ ಸಿಗುವ ‘ಆರ್’ ಎಂಬ ಅಂಕಿಅಂಶ ತಂತ್ರಾಂಶದಲ್ಲಿ ಮಾಡಿ ನೋಡಿ. ಸಂದರ್ಶನದಲ್ಲಿ ಪ್ರಮಾಣಪತ್ರಗಳ ಕಟ್ಟಿಗಿಂತ, ಇಂಥ ಒಂದು ವಿಶ್ಲೇಷಣೆಯನ್ನು ಎರಡು ಪುಟದಲ್ಲಿ ಬರೆದು ತೋರಿಸುವುದು ಹೆಚ್ಚು ತೂಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ರೋಗದ ಸುದ್ದಿಯನ್ನು ದೇಶವೊಂದು 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕಂತೆ. ಪ್ರತಿ ಜ್ವರಕ್ಕೂ ಹೀಗೆಯೇ?

ಉತ್ತರ: ಇಲ್ಲ. 2007ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯಲ್ಲಿ ನಾಲ್ಕು ಪ್ರಶ್ನೆಗಳಿವೆ. ಘಟನೆಯ ಪರಿಣಾಮ ಗಂಭೀರವೇ? ಅಸಹಜ ಅಥವಾ ಅನಿರೀಕ್ಷಿತವೇ? ಗಡಿ ದಾಟುವ ಅಪಾಯ ಹೆಚ್ಚಿದೆಯೇ? ಪ್ರಯಾಣ, ವ್ಯಾಪಾರಕ್ಕೆ ನಿರ್ಬಂಧ ಬರುವ ಸಂಭವ ಹೆಚ್ಚಿದೆಯೇ? ಯಾವುದೇ ಎರಡಕ್ಕೆ ‘ಹೌದು’ ಬಂದರೆ ತಿಳಿಸಲೇಬೇಕು. ಈ ತೂಗುವಿಕೆಗೆ 48 ಗಂಟೆ ಕಾಲಾವಕಾಶ. 24 ಗಂಟೆಯ ಲೆಕ್ಕ ಅದು ಮುಗಿದ ಮೇಲೆ ಶುರು. ಸಿಡುಬು, ಸಾರ್ಸ್ (ಉಸಿರಾಟದ ತೀವ್ರ ಕಾಯಿಲೆ), ವೈಲ್ಡ್ (ಲಸಿಕೆಯಿಂದ ಬಂದದ್ದಲ್ಲದ, ನೈಸರ್ಗಿಕ) ವೈರಸ್ಸಿನ ಪೋಲಿಯೊ, ಮನುಷ್ಯರಲ್ಲಿ ಕಂಡ ಹೊಸ ಉಪತಳಿಯ ಇನ್‌ಫ್ಲುಯೆಂಜಾ, ಈ ನಾಲ್ಕರ ಒಂದೇ ಪ್ರಕರಣ ಸಿಕ್ಕರೂ ತಿಳಿಸಬೇಕು. ಮಾಹಿತಿ ಪೂರ್ತಿ ಸಿಗಲಿ ಎಂದು ಕಾಯುವುದೇ ತಡವಾಗಲು ದೊಡ್ಡ ಕಾರಣ. ಅದಕ್ಕೆಂದೇ ನಿಯಮಾವಳಿಯ 8ನೇ ವಿಧಿಯಿದೆ: ತೀರ್ಮಾನಕ್ಕೆ ಬರುವಷ್ಟು ಮಾಹಿತಿ ಇಲ್ಲದಿದ್ದರೂ ಸಂಸ್ಥೆಯೊಡನೆ ಸಮಾಲೋಚಿಸಬಹುದು.