ಬಿಟ್ಟಿ ಎಐ ಮಾಡೆಲ್‌ ಹಂಚಿದರೆ ಚೀನಾಕ್ಕೇನು ಲಾಭ?

ಪ್ರಶ್ನೆ: ಡೀಪ್‌ಸೀಕ್‌, ಕ್ವೆನ್‌ನಂಥ ಮಾಡೆಲ್‌ಗಳನ್ನು ಚೀನಾ ಕಂಪನಿಗಳು ಪುಕ್ಕಟೆ ಕೊಡುತ್ತಿರುವುದೇಕೆ? ನಮ್ಮದು ಸಣ್ಣ ಸಾಫ್ಟ್‌ವೇರ್‌ ಕಂಪನಿ. ಇವನ್ನು ಬಳಸಿದರೆ ಗ್ರಾಹಕರ ಮಾಹಿತಿ ಚೀನಾಕ್ಕೆ ಹೋಗುತ್ತದೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಎರಡನೆಯದನ್ನು ಮೊದಲು ಮುಗಿಸೋಣ. ಡೀಪ್‌ಸೀಕ್‌ ಆ್ಯಪ್‌ನಲ್ಲಿ ಟೈಪ್‌ ಮಾಡಿದ್ದು ಚೀನಾದ ಸರ್ವರ್‌ಗೇ ಹೋಗುತ್ತದೆ, ಅವರ ಗೋಪ್ಯತಾ ನೀತಿಯಲ್ಲೇ ಹಾಗೆ ಬರೆದಿದೆ. ಮಾಡೆಲ್‌ನ ವೇಟ್‌ಗಳನ್ನು, ಅಂದರೆ ತರಬೇತಿಯಿಂದ ಸಿದ್ಧವಾದ ಸಂಖ್ಯೆಗಳ ಫೈಲುಗಳನ್ನು, ಇಳಿಸಿಕೊಂಡು ನಿಮ್ಮದೇ ಸರ್ವರ್‌ನಲ್ಲಿ ಓಡಿಸಿದರೆ ಮಾಹಿತಿ ನಿಮ್ಮಲ್ಲೇ ಉಳಿಯುತ್ತದೆ. ಇಂಟರ್ನೆಟ್‌ ಕೇಬಲ್‌ ಕಿತ್ತಿಟ್ಟರೂ ಅದು ಉತ್ತರ ಕೊಡುತ್ತದೆ. ಸುದ್ದಿಯಲ್ಲಿ ಇವೆರಡನ್ನೂ ಕಲಸಿಬಿಡುತ್ತಾರೆ.

ಇನ್ನು ಲಾಭದ ಮಾತು. 2022ರ ಅಕ್ಟೋಬರ್‌ನಿಂದ ಅಮೆರಿಕ ಚೀನಾಕ್ಕೆ ಉನ್ನತ ದರ್ಜೆಯ ಚಿಪ್‌ ರಫ್ತನ್ನು ಬಿಗಿ ಮಾಡಿದೆ. ಜಗತ್ತಿಗೆಲ್ಲ ಎಐ ಸೇವೆ ಕೊಡಲು ಬೇಕಾದಷ್ಟು ಚಿಪ್‌ ಹೊಂದಿಸುವುದು ಅಲ್ಲಿನ ಕಂಪನಿಗಳಿಗೆ ಕಷ್ಟ. ಕೊಟ್ಟರೂ ತಮ್ಮ ಮಾಹಿತಿಯನ್ನು ಅಲ್ಲಿಗೆ ಕಳಿಸಲು ಹೊರಗಿನವರು ಹಿಂಜರಿಯುತ್ತಾರೆ. ವೇಟ್‌ ಹಂಚಿದರೆ ಎರಡೂ ತಾಪತ್ರಯ ಒಟ್ಟಿಗೇ ತಪ್ಪುತ್ತವೆ: ಓಡಿಸುವ ಖರ್ಚು ನಿಮ್ಮದು, ಹೆಸರು ಅವರದು. 2025ರ ಜನವರಿ 20ರಂದು ಡೀಪ್‌ಸೀಕ್‌ ತನ್ನ ಆರ್‌1 ಮಾಡೆಲನ್ನು ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದಾದ ಎಂಐಟಿ ಲೈಸೆನ್ಸ್‌ನಡಿ ಬಿಟ್ಟಿತು. ವಾರ ಕಳೆಯುವಷ್ಟರಲ್ಲಿ, ಇನ್ನು ಅಷ್ಟೊಂದು ಚಿಪ್‌ ಬೇಕಾಗದೇನೋ ಎಂಬ ಅಂಜಿಕೆಯಲ್ಲಿ ಒಂದೇ ದಿನ ಅಮೆರಿಕದ ಎಐ ಚಿಪ್‌ ಕಂಪನಿ ಎನ್‌ವಿಡಿಯಾದ ಷೇರು ಮೌಲ್ಯ ಸುಮಾರು 59,000 ಕೋಟಿ ಡಾಲರ್‌ ಕರಗಿತು. ಅಷ್ಟು ಪ್ರಚಾರ ಯಾವ ಜಾಹೀರಾತಿಗೂ ಸಿಗದು.

ತಮಾಷೆಯೆಂದರೆ, ಈ ದಾರಿ ತೋರಿಸಿದವರಲ್ಲಿ ಅಮೆರಿಕದ ಮೆಟಾ ಮುಖ್ಯ. 2023ರಲ್ಲಿ ಅದು ತನ್ನ ಲಾಮಾ 2 ಮಾಡೆಲ್‌ನ ವೇಟ್‌ ಬಿಟ್ಟಾಗ ಜಗತ್ತಿನ ಎಂಜಿನಿಯರುಗಳು ಮುಗಿಬಿದ್ದರು. ಆರ್‌1ರ ಚಿಕ್ಕ ಆವೃತ್ತಿಗಳಲ್ಲಿ ಕೆಲವನ್ನು ಡೀಪ್‌ಸೀಕ್‌ ಲಾಮಾದ ಮೇಲೆಯೇ ಕಟ್ಟಿತ್ತು! 2025ರ ಜುಲೈ ಹೊತ್ತಿಗೆ ವಾಷಿಂಗ್ಟನ್‌ ಎಚ್ಚೆತ್ತಿತು. ಹೀಗೆ ವೇಟ್‌ ಹಂಚುವ ಮುಕ್ತ ಮಾಡೆಲ್‌ಗಳು ಜಾಗತಿಕ ಮಾನದಂಡವಾಗಬಹುದು, ಅವನ್ನು ಪ್ರೋತ್ಸಾಹಿಸಬೇಕು ಎಂದು ಅದರ ಎಐ ಕಾರ್ಯಯೋಜನೆ ಹೇಳಿತು. ಆಗಸ್ಟ್‌ನಲ್ಲಿ ಓಪನ್‌ಎಐ ಕೂಡ ವೇಟ್‌ ಬಿಟ್ಟಿತು.

ಇಷ್ಟಾಗಿಯೂ ಇದನ್ನು ‘ಸಾಫ್ಟ್‌ ಪವರ್‌’, ಅಂದರೆ ಬಲಪ್ರಯೋಗವಿಲ್ಲದೆ ಮನ ಗೆಲ್ಲುವ ಪ್ರಭಾವ, ಎನ್ನುವವರು ಸ್ವಲ್ಪ ಉಬ್ಬಿಸಿ ಹೇಳುತ್ತಾರೆ ಎನ್ನುವುದು ನನ್ನ ಅಭಿಪ್ರಾಯ. ಚೀನಾ ಸರ್ಕಾರ ಪ್ರತಿಭಟನಕಾರರ ಮೇಲೆ ಸೇನೆ ನುಗ್ಗಿಸಿದ 1989ರ ತಿಯಾನನ್‌ಮೆನ್‌ ಬಗ್ಗೆ ಕೇಳಿದರೆ ಆರ್‌1 ಜಾರಿಕೊಳ್ಳುತ್ತದೆ, ನಿಜ. ಆದರೆ ಅಮೆರಿಕದ ಎಐ ಕಂಪನಿ ಪರ್‌ಪ್ಲೆಕ್ಸಿಟಿ ಅದೇ ವೇಟ್‌ಗಳಿಗೆ ಮರುತರಬೇತಿ ಕೊಟ್ಟು, ಆ ಮೌನ ಮುರಿದ ಆವೃತ್ತಿಯನ್ನು 2025ರ ಫೆಬ್ರುವರಿಯಲ್ಲೇ ಹೊರತಂದಿತು. ಚೀನಾ ಕಂಪನಿಗಳು ಕೊಟ್ಟದ್ದನ್ನು ವಾಪಸ್‌ ಕೇಳುವಂತಿಲ್ಲ, ತಿದ್ದಬೇಡಿ ಎನ್ನುವಂತೆಯೂ ಇಲ್ಲ. ಅವರ ಕೈಯಲ್ಲಿ ಉಳಿಯುವುದು ಮುಂದಿನ ಆವೃತ್ತಿ. ಅದನ್ನು ಕೊಡದೆಯೂ ಇರಬಹುದು.

ಬೆಂಗಳೂರಿನ ಸರ್ವಂ ಕಂಪನಿ ಭಾರತೀಯ ಭಾಷೆಗಳಿಗಾಗಿ ತಂದ ಸರ್ವಂ–ಎಂ, ಫ್ರಾನ್ಸಿನ ಮಿಸ್ಟ್ರಲ್‌ ಮಾಡೆಲ್‌ ಮೇಲೆ ನಿಂತದ್ದು. ಅಡಿಪಾಯ ಯಾರದ್ದಾದರೂ ಇರಲಿ, ನಿಮ್ಮ ಕೆಲಸಕ್ಕೆ ಹೊಂದುವ ನೂರಿನ್ನೂರು ಪ್ರಶ್ನೆ–ಉತ್ತರಗಳ ಪರೀಕ್ಷೆಯೊಂದನ್ನು ನೀವೇ ತಯಾರಿಸಿಟ್ಟುಕೊಳ್ಳಿ. ನಾಳೆ ಮಾಡೆಲ್‌ ಬದಲಿಸಬೇಕಾಗಿ ಬಂದರೆ ಅದರಲ್ಲೇ ಅಳೆದು ನೋಡಬಹುದು.