ಶೋಕದ ದಿನಗಳಲ್ಲಿ ಸಂಗೀತದಿಂದ ಸಮಾಧಾನ ದೊರೆಯುತ್ತದೆಯೇ?

ತಂದೆಯವರು ತೀರಿಕೊಂಡ ಮೇಲೆ ಅವರ ಮೆಚ್ಚಿನ ಕೀರ್ತನೆಗಳನ್ನು ಹಾಕಿಕೊಂಡು ಕುಳಿತರೆ ದುಃಖವೇ ಉಕ್ಕುತ್ತದೆ, ಸಂಗೀತದಿಂದ ನಿಜಕ್ಕೂ ಸಮಾಧಾನ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುತ್ತದೆ. ಆದರೆ ಆ ಕೀರ್ತನೆಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಸಾಧ್ಯವಿದ್ದರೆ ಏನನ್ನಾದರೂ ಕಲಿಯಲು ಆರಂಭಿಸಿ ಎಂಬುದು ನನ್ನ ಸಲಹೆ.

ನಮ್ಮ ಯಜಮಾನರು ತೀರಿಕೊಂಡ ವರ್ಷ ಮೈಸೂರಿನ ನಮ್ಮ ಮನೆಯಲ್ಲಿ ರೇಡಿಯೋ ಕೂಡ ಹಾಡುತ್ತಿರಲಿಲ್ಲ. ವರ್ಷಾಬ್ದಿಕ ಮುಗಿಯುವ ಮೊದಲೇ ನಾನು ವೀಣೆಯ ಪಾಠಕ್ಕೆ ಹೊರಟಾಗ ಬಂಧುಗಳಲ್ಲಿ ಕೆಲವರು ಹುಬ್ಬು ಗಂಟಿಕ್ಕಿದರು. ಮಗನನ್ನೇ ಕಳೆದುಕೊಂಡಿದ್ದ ಅತ್ತೆಯವರು, "ಹಬ್ಬ ಮಾಡಬಾರದು ಅಂತಿದೆ, ಸರಸ್ವತಿ ಬೇಡ ಅಂತ ಎಲ್ಲೂ ಇಲ್ಲ, ನೀನು ಹೋಗಿ ಬಾಮ್ಮ" ಎಂದು ಅವರ ಬಾಯಿ ಮುಚ್ಚಿಸಿದರು. ಹೆಸರಾಂತ ವೈಣಿಕ ವೀಣೆ ಶೇಷಣ್ಣನವರು (1852–1926) ಬಾಳಿದ ಊರೆಂಬ ಅಭಿಮಾನವೇನೋ ಇತ್ತು, ಆದರೂ ವೀಣೆಯನ್ನೇ ಆರಿಸಿಕೊಳ್ಳಲು ಪಾಠದ ಮನೆ ಹತ್ತಿರವಿದ್ದುದೇ ನಿಜವಾದ ಕಾರಣ.

ಎಡಗೈಯ ಎರಡು ಬೆರಳು ವೀಣೆಯ ದಂಡಿಗೆಯ 24 ಮೆಟ್ಟಿಲುಗಳ (ಸ್ವರಸ್ಥಾನದ ಅಡ್ಡಪಟ್ಟಿಗಳ) ಮೇಲೆ ತಂತಿಯನ್ನು ಒತ್ತಬೇಕು, ಬಲಗೈ ಮೀಟಬೇಕು, ಅದರ ಕಿರುಬೆರಳು ಪಕ್ಕದ ಮೂರು ತಾಳದ ತಂತಿಗಳನ್ನು ನೋಡಿಕೊಳ್ಳಬೇಕು. ಇಷ್ಟರ ನಡುವೆ ಆಸ್ಪತ್ರೆಯ ಕೊನೆಯ ದಿನಗಳನ್ನು ಮತ್ತೆ ಮತ್ತೆ ನೆನೆಯಲು ಮನಸ್ಸಿಗೆ ಬಿಡುವೇ ಇರಲಿಲ್ಲ. ಮಾಯಾಮಾಳವಗೌಳ ರಾಗದ ಸರಳೆ ವರಸೆಗಳೆಂಬ ಮೊದಲ ಸ್ವರಪಾಠಗಳೊಂದಿಗೆ ಯಾರ ನೆನಪೂ ಅಂಟಿಕೊಂಡಿರಲಿಲ್ಲವಾದ್ದರಿಂದ ಅವು ನನ್ನನ್ನು ಅಳಿಸಲಿಲ್ಲ. ಬೆರಳ ತುದಿ ಮೊದಲು ಉರಿದು, ಆಮೇಲೆ ಗಟ್ಟಿಯಾಯಿತು. ಬಹಳ ತಿಂಗಳ ನಂತರ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಮುಂದಿನ ಸ್ವರವನ್ನು ಸರಿಯಾದ ಶ್ರುತಿಯಲ್ಲಿ ಹಿಡಿದಾಗ ನನಗರಿವಿಲ್ಲದೆ ನಕ್ಕುಬಿಟ್ಟೆ, ಅವರಿಲ್ಲದಿರುವಾಗ ನಗುವುದೇ ಎಂದು ಮರುಕ್ಷಣ ಅಳುಕಿದೆ. ಆ ಅಳುಕು ನಿಮಗೂ ಬಂದೀತು. ಅದಕ್ಕೆ ಹೆದರಿ ಅಭ್ಯಾಸ ನಿಲ್ಲಿಸಬೇಡಿ. (ಇಂಥ ನೋವಿಗೆ ಇಂಥ ರಾಗವೆಂದು ಔಷಧಿಯ ಚೀಟಿ ಬರೆದುಕೊಡುವವರು ಸಿಗುತ್ತಾರೆ, ನನಗಂತೂ ಅದರಲ್ಲಿ ನಂಬಿಕೆಯಿಲ್ಲ.)

ಕೇಳುವುದಕ್ಕೆ ಮನಸ್ಸು ಒಪ್ಪಿದಾಗ ಮನೆಯಲ್ಲಿ ಒಬ್ಬರೇ ಕೇಳುವುದಕ್ಕಿಂತ ಕಛೇರಿಗೆ ಹೋಗುವುದು ಮೇಲು. ಮೈಸೂರಿನವರಾದರೆ ಗಣೇಶೋತ್ಸವದ ಸಮಯದಲ್ಲಿ ವೊಂಟಿಕೊಪ್ಪಲಿನ 8ನೇ ಕ್ರಾಸ್ ಚಪ್ಪರದಲ್ಲಿ ಹಿಂದಿನ ಕುರ್ಚಿ ಹಿಡಿಯಿರಿ. ಕಣ್ಣು ತುಂಬಿ ಬಂದರೆ ಎದ್ದು ಹೊರಡಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದ ಹೊತ್ತಿಗೆ ಹೇಗೂ ಎಷ್ಟೋ ಜನ ಕಾಫಿಗೆಂದು ಎದ್ದಿರುತ್ತಾರೆ.