ಮನೆ ಕಟ್ಟುವವರ ಪ್ರಶ್ನೋತ್ತರ: ಪ್ಲಾನ್ ಪಾಸಾಗುವ ಮೊದಲೇ ಸೆಕೆಯ ಲೆಕ್ಕ

ಪ್ರಶ್ನೆ: ಪೋಂಡಾ ಹತ್ತಿರ 350 ಚದರ ಮೀಟರ್ ಸೈಟಿನಲ್ಲಿ ಮಹಡಿ ಮನೆ ಕಟ್ಟಿಸುತ್ತಿದ್ದೇವೆ. ಕಾರ್ಪೆಟ್ ಏರಿಯಾ 120 ಚದರ ಮೀಟರ್. ರಸ್ತೆ ಪಶ್ಚಿಮಕ್ಕಿರುವುದರಿಂದ ಹಾಲ್, ಬೆಡ್‌ರೂಮುಗಳ ಸ್ಲೈಡಿಂಗ್ ಕಿಟಕಿಗಳೆಲ್ಲ ಆ ಕಡೆಗೇ ಬಂದಿವೆ. ಗೋಡೆ 9 ಇಂಚಿನ ಇಟ್ಟಿಗೆಯದು. ಕರೆಂಟ್ ಉಳಿತಾಯದ ವಿಚಾರ ಪ್ಲಾನ್ ಪಾಸಾದ ಮೇಲೆ ನೋಡೋಣ ಎನ್ನುತ್ತಾರೆ ಆರ್ಕಿಟೆಕ್ಟ್. ಅದು ಸರಿಯೇ?
– ಹೆಸರು ಬೇಡ, ಗೋವಾ

ಉತ್ತರ: ಸರಿಯಲ್ಲ. ಪ್ಲಾನ್ ಪಾಸಾದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಫ್ಯಾನು, ಎಸಿ, ಸೋಲಾರ್ ಅಷ್ಟೇ. ಕಿಟಕಿಯ ದಿಕ್ಕು, ನೆರಳು, ಗೋಡೆಯ ಸಾಮಗ್ರಿ ಈ ಮೂರೂ ಸ್ಟ್ರಕ್ಚರಲ್ ಎಂಜಿನಿಯರ್ ಕೈಗೆ ಡ್ರಾಯಿಂಗ್ ಹೋಗುವ ಮೊದಲೇ ತೀರ್ಮಾನವಾಗಬೇಕು.

ಅಳತೆಗೋಲು ಸಿದ್ಧವಾಗಿಯೇ ಇದೆ. ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2018ರಲ್ಲಿ ಹೊರತಂದ, ವಾಸದ ಮನೆಗಳ ಇಂಧನ ಉಳಿತಾಯದ ನಿಯಮಾವಳಿಯಾದ ಇಕೋ ನಿವಾಸ್ ಸಂಹಿತಾ 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳನ್ನು ಉದ್ದೇಶಿಸಿ ಬರೆದದ್ದು. ನಿಮ್ಮ ಸೈಟು ಅದರೊಳಗೆ ಬರುವುದಿಲ್ಲ, ಆದರೂ ಲೆಕ್ಕಕ್ಕೆ ಅದನ್ನೇ ಹಿಡಿಯಿರಿ. ಛಾವಣಿ ಬಿಟ್ಟು, ಹೊರಗೋಡೆ ಮತ್ತು ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ದಾಟಬಾರದು ಎನ್ನುತ್ತದೆ ಅದು. ಗೋವಾದಂಥ ಬಿಸಿ, ತೇವದ ಹವೆಗೆ ಮೂರು ಗುಣಕಗಳಿವೆ: ಗೋಡೆಗೆ 5.15, ಗಾಜು ದಾಟುವ ಶಾಖಕ್ಕೆ 1.31, ಗಾಜಿನಿಂದ ಬರುವ ಬಿಸಿಲಿಗೆ 65.21. ಮೂರನೆಯದು ಎಷ್ಟು ದೊಡ್ಡದು ನೋಡಿ.

ನಿಮ್ಮ ಹೊರಮೈ ಕಿಟಕಿ ಸೇರಿ 200 ಚದರ ಮೀಟರ್, ಅದರಲ್ಲಿ ಕಿಟಕಿ 40 ಎಂದುಕೊಳ್ಳೋಣ. ಅಂದರೆ ಗೋಡೆಯ ಪಾಲು 0.8, ಕಿಟಕಿಯದು 0.2. ಗಾರೆ ಮಾಡಿದ ಇಟ್ಟಿಗೆ ಗೋಡೆಯ ಯು-ವ್ಯಾಲ್ಯೂ (ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಸುಮಾರು 2. ಸಾದಾ ಒಂಟಿ ಗಾಜಿನದು 5.8, ಅದು ಒಳಗೆ ಬಿಡುವ ಬಿಸಿಲಿನ ಪಾಲು 0.82. ದಿಕ್ಕಿಗೆ ತಕ್ಕಂತೆ ಬದಲಾಗುವ ಗುಣಕವೂ ಇದೆ, ಅದು ಸದ್ಯಕ್ಕೆ 1 ಇರಲಿ.

ಗೋಡೆ: 0.8 × 2 × 5.15 = 8.2
ಗಾಜು: 0.2 × 5.8 × 1.31 = 1.5
ಬಿಸಿಲು: 0.2 × 0.82 × 65.21 = 10.7

ಒಟ್ಟು 20.4. ಗೋಡೆಯನ್ನು 200 ಮಿ.ಮೀ. ಎಎಸಿ ಬ್ಲಾಕಿಗೆ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನದು, ಯು ಸುಮಾರು 0.8) ಬದಲಿಸಿದರೂ 15.5ಕ್ಕೆ ನಿಲ್ಲುತ್ತದೆ, ಇನ್ನೂ ಮಿತಿಯೊಳಗೆ ಬರುವುದಿಲ್ಲ.

ಈಗ ಸ್ಲೈಡಿಂಗ್ ಕಿಟಕಿಯ ವಿಷಯ. ಗಾಳಿಗಾಗಿ ತೆರೆಯುವ ಭಾಗ ಕಾರ್ಪೆಟ್ ಏರಿಯಾದ ಆರನೇ ಒಂದು ಪಾಲು, ಅಂದರೆ ನಿಮಗೆ 20 ಚದರ ಮೀಟರ್ ಬೇಕು. ಸ್ಲೈಡಿಂಗ್ ಅರ್ಧವೇ ತೆರೆಯುವುದರಿಂದ ಅದಕ್ಕೆ 40 ಚದರ ಮೀಟರ್ ಗಾಜು ಹಾಕಬೇಕಾಗುತ್ತದೆ. ಕೀಲಿನ ಮೇಲೆ ತೆರೆಯುವ ಕೇಸ್ಮೆಂಟ್ ಕಿಟಕಿಯಲ್ಲಿ ಶೇ. 90 ಭಾಗ ಲೆಕ್ಕಕ್ಕೆ ಬರುತ್ತದೆ, 24 ಸಾಕು. ಗಾಳಿ ಅಷ್ಟೇ, ಗಾಜು ಕಡಿಮೆ. ಇಟ್ಟಿಗೆ ಗೋಡೆಯಿಟ್ಟೇ 16.4ಕ್ಕೆ ಇಳಿಯಿತು, ಎಎಸಿ ಸೇರಿದರೆ 11. ಹೊರಕ್ಕೆ ತೆರೆಯುವ ಕದವಾದರೆ ಗ್ರಿಲ್ ಮತ್ತು ಸೊಳ್ಳೆಜಾಲಿ ಒಳಗೆ ಬರಬೇಕು, ಜಾಲಿಗೂ ಕೀಲು ಬೇಕು, ಇಲ್ಲದಿದ್ದರೆ ಕದ ಎಳೆಯಲು ಕೈ ಹೋಗದು. ಜೂನ್ ಗಾಳಿಗೆ ಕದ ಬಡಿಯದಂತೆ ಕೊಂಡಿಯೂ ಇರಲಿ.

ಪಶ್ಚಿಮದ ಕಿಟಕಿಗಳಲ್ಲಿ ಆದಷ್ಟನ್ನು ಉತ್ತರಕ್ಕೆ ತಿರುಗಿಸಿ. ಸಂಹಿತೆಯ ದಿಕ್ಕಿನ ಗುಣಕ ಪಶ್ಚಿಮಕ್ಕೆ 1.156, ಉತ್ತರಕ್ಕೆ 0.659. ಸಜ್ಜಾ ಇದೆಯಲ್ಲ ಎಂದರೆ ಕೇಳಬೇಡಿ. ಏಪ್ರಿಲ್ ನಡುವಿನಲ್ಲಿ ಸಂಜೆ ನಾಲ್ಕೂವರೆಗೆ ಗೋವಾದಲ್ಲಿ ಸೂರ್ಯ ದಿಗಂತದಿಂದ ಸುಮಾರು 32 ಡಿಗ್ರಿ ಎತ್ತರದಲ್ಲಿರುತ್ತಾನೆ. 45 ಸೆಂ.ಮೀ. ಸಜ್ಜಾ ಆಗ ಕೊಡುವ ನೆರಳು 28 ಸೆಂ.ಮೀ. ಮಾತ್ರ. 120 ಸೆಂ.ಮೀ. ಕಿಟಕಿಯ ಉಳಿದ ಭಾಗವೆಲ್ಲ ಬಿಸಿಲಿಗೆ. ಅದೇ ಸಜ್ಜಾ ದಕ್ಷಿಣದ ಕಿಟಕಿಗಿದ್ದರೆ ಮಾರ್ಚ್ 21ರ ನಡುಹಗಲಿಗೆ 160 ಸೆಂ.ಮೀ. ಮುಚ್ಚುತ್ತದೆ. ಪಶ್ಚಿಮಕ್ಕೆ ಬೇಕಾದದ್ದು ಆಳದ ಜಗಲಿ, ಮೆಟ್ಟಿಲು, ಬಾತ್‌ರೂಮು, ಸ್ಟೋರು. ಮಳೆಯ ಇರಚಲೂ ಆ ಕಡೆಯಿಂದಲೇ ಜಾಸ್ತಿ. ರಸ್ತೆ ಪಶ್ಚಿಮಕ್ಕಿದೆಯೆಂದು ಬೆಡ್‌ರೂಮೂ ಆ ಕಡೆಗೇ ನೋಡಬೇಕೆಂಬ ಕಾನೂನೇನಿಲ್ಲ!

ಎಎಸಿ ಆಯ್ದರೆ ತೊಲೆಯ ಅಗಲ 200 ಮಿ.ಮೀ.ಗೆ ಹೊಂದಬೇಕೆಂದು ಎಂಜಿನಿಯರಿಗೆ ಮೊದಲೇ ತಿಳಿಸಿ. ಗೋಡೆ ಮತ್ತು ಕಾಲಂ ಸೇರುವಲ್ಲಿ ಗಾರೆಯಡಿ ಜಾಲರಿ ಹಾಕಿಸಿ, ಬಿರುಕು ಬೀಳುವುದು ಅಲ್ಲೇ.

ಪ್ರಶ್ನೆ: ಪುಣೆಯಲ್ಲಿ ರೋ ಹೌಸ್ ಡ್ರಾಯಿಂಗ್ ಹಂತದಲ್ಲಿದೆ. ತಾರಸಿಗೆ ಬಿಳಿ ಬಣ್ಣ ಸಾಕೇ, ಥರ್ಮೋಕೋಲ್ ಹಾಕಿಸಬೇಕೇ?
– ಓದುಗರು, ಪುಣೆ

ಉತ್ತರ: 150 ಮಿ.ಮೀ. ಬರಿ ಸ್ಲ್ಯಾಬಿನ ಯು-ವ್ಯಾಲ್ಯೂ 3ಕ್ಕಿಂತ ಹೆಚ್ಚು, ಸಂಹಿತೆಯ ಮಿತಿ 1.2. 25 ಮಿ.ಮೀ. ಎಕ್ಸ್‌ಪಿಎಸ್ ಹಲಗೆ (ನೀರು ಹೀರದ ಗಟ್ಟಿ ಫೋಮ್) ಹಾಕಿದರೆ ಸುಮಾರು 0.95, 50 ಮಿ.ಮೀ. ಹಾಕಿದರೆ 0.5ರ ಆಸುಪಾಸು. ಮೊದಲ 25 ಮಿ.ಮೀ.ನಲ್ಲೇ ಹೆಚ್ಚಿನ ಲಾಭ. ಸಾದಾ ಥರ್ಮೋಕೋಲ್ ಬೇಡ, ನೀರು ಸೇರಿದರೆ ಕೆಲಸಕ್ಕೆ ಬಾರದು. ಕ್ರಮ ಹೀಗೆ: ಸ್ಲ್ಯಾಬ್, ವಾಟರ್‌ಪ್ರೂಫಿಂಗ್, ಹಲಗೆ, ಇಳಿಜಾರಿನ ಕಾಂಕ್ರೀಟ್, ತಿಳಿಬಣ್ಣದ ಟೈಲ್ಸ್. ಬಿಳಿ ಬಣ್ಣ ಒಳ್ಳೆಯದೇ, ಆದರೆ ಧೂಳು ಕೂತರೆ ಗುಣ ಇಳಿಯುತ್ತದೆ, ಫೆಬ್ರವರಿಯಲ್ಲೊಮ್ಮೆ ತೊಳೆಯಲೇಬೇಕು.

ಡ್ರಾಯಿಂಗ್ ಹಂತದಲ್ಲೇ ಕೇಳಿದ್ದು ಒಳ್ಳೆಯದಾಯಿತು. ಈ ಪದರಗಳೆಲ್ಲ ಸೇರಿ ತಾರಸಿ 10ರಿಂದ 15 ಸೆಂ.ಮೀ. ಏರುತ್ತದೆ. ತಾರಸಿ ಬಾಗಿಲ ಹೊಸ್ತಿಲು, ಪ್ಯಾರಪೆಟ್ ಎತ್ತರ, ಮಳೆನೀರಿನ ಪೈಪಿನ ಬಾಯಿ ಮೂರನ್ನೂ ಆ ಮಟ್ಟಕ್ಕೇ ಬರೆಸಿ. ಆಮೇಲೆ ಹಾಕಿಸಿದವರ ಮನೆಗಳಲ್ಲಿ ಹೊಸ್ತಿಲು ತಗ್ಗಾಗಿ, ಮೊದಲ ಜೋರು ಮಳೆಗೇ ನೀರು ಮೆಟ್ಟಿಲಿಳಿಯುತ್ತದೆ.